ಹೊಲಿಗೆ ಒಣಗಿದರೆ ಮಂಡಿ ಗುಣವಾದಂತಲ್ಲ

ಮಂಡಿಯ ಲಿಗಮೆಂಟ್ ಶಸ್ತ್ರಚಿಕಿತ್ಸೆಯಾದ ಮಕ್ಕಳ ಮನೆಯಲ್ಲಿ ಕೇಳಿಬರುವ ಮೊದಲ ಪ್ರಶ್ನೆ ಒಂದೇ: ‘ಮತ್ತೆ ಯಾವಾಗ ಆಡಬಹುದು?’ ಹುಡುಗ ಕೇಳುತ್ತಾನೆ, ಅವನ ತಂಡದವರು ಕೇಳುತ್ತಾರೆ, ಶಾಲೆಯ ದೈಹಿಕ ಶಿಕ್ಷಕರು ಕೇಳುತ್ತಾರೆ. ಕ್ರೀಡಾ ಕೋಟಾದಲ್ಲಿ ಕಾಲೇಜಿನ ಸೀಟನ್ನೋ ಮುಂದೊಂದು ನೌಕರಿಯನ್ನೋ ನೆಚ್ಚಿಕೊಂಡ ತಂದೆತಾಯಿ ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಅದೇ ಲೆಕ್ಕ ಹಾಕುತ್ತಿರುತ್ತಾರೆ.

ಎರಡು ವಾರದ ಹೊತ್ತಿಗೆ ಹೊಲಿಗೆ ಬಿಚ್ಚುತ್ತಾರೆ. ಮತ್ತೆ ಕೆಲವು ವಾರಗಳಲ್ಲಿ ಊರುಗೋಲು ಮೂಲೆ ಸೇರುತ್ತದೆ. ಮೂರನೆಯ ತಿಂಗಳಿಗೆ ನೋವಿಲ್ಲ, ಊತವಿಲ್ಲ, ನಡಿಗೆ ಮೊದಲಿನಂತೆಯೇ. ‘ಗುಣವಾಯಿತಲ್ಲ, ಇನ್ನೇನು!’ ಎಂದು ಎಲ್ಲರಿಗೂ ಅನ್ನಿಸುತ್ತದೆ. ಈ ವಾರ ಹೇಳಬೇಕಾಗಿರುವುದು ‘ಗುಣವಾಯಿತಲ್ಲ’ ಎಂಬ ಆ ಮಾತಿನ ಬಗೆಗೇ. ಅದನ್ನು ನಂಬಿ ಅಂಗಳಕ್ಕೆ ಇಳಿದ ಎಷ್ಟೋ ಎಳೆಯ ಆಟಗಾರರು ಅದೇ ಮಂಡಿಯನ್ನೋ ಇನ್ನೊಂದು ಮಂಡಿಯನ್ನೋ ಮತ್ತೆ ಕೆಡಿಸಿಕೊಂಡಿದ್ದಾರೆ.

ಹರಿಯುವುದು ಏನು?

ನಮ್ಮ ತೊಡೆಯ ಮೂಳೆ ಕಣಕಾಲಿನ ಮೂಳೆಯ ಮೇಲೆ ಕೂತಿರುವ ಜಾಗವೇ ಮಂಡಿ. ಈ ಎರಡನ್ನೂ ಹಿಡಿದಿಡುವ ಮುಖ್ಯ ಕಟ್ಟುಗಳು ನಾಲ್ಕು. ಇವನ್ನೇ ಲಿಗಮೆಂಟ್ ಅಥವಾ ಅಸ್ಥಿರಜ್ಜು ಎನ್ನುತ್ತೇವೆ. ಎರಡು ಕಟ್ಟುಗಳು ಮಂಡಿಯ ಅಕ್ಕಪಕ್ಕದಲ್ಲಿವೆ; ಇನ್ನೆರಡು ಮಂಡಿಯ ಒಳಗೆ ಕತ್ತರಿಯ ಹಾಗೆ ಒಂದಕ್ಕೊಂದು ಅಡ್ಡಹಾಯ್ದಿವೆ. ಒಳಗಿನ ಎರಡರಲ್ಲಿ ಮುಂದಿನದರ ಹೆಸರು ಆಂಟೀರಿಯರ್ ಕ್ರೂಸಿಯೇಟ್ ಲಿಗಮೆಂಟ್, ಚಿಕ್ಕದಾಗಿ ಎ.ಸಿ.ಎಲ್. ಉದ್ದ ಹೆಚ್ಚೆಂದರೆ ಮೂರು ನಾಲ್ಕು ಸೆಂಟಿಮೀಟರ್. ಕಣಕಾಲಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಗುವಾಗ ಮಂಡಿ ತಿರುಚಿಕೊಳ್ಳದಂತೆ ತಡೆಯುವುದು ಇದರ ಕೆಲಸ.

ಇದು ಹರಿಯಲು ಯಾರಾದರೂ ಬಂದು ಗುದ್ದಲೇಬೇಕೆಂದಿಲ್ಲ. ವಾಲಿಬಾಲಿನಲ್ಲಿ ಹಾರಿ ಒಂದೇ ಕಾಲಿನ ಮೇಲೆ ಇಳಿದಾಗ, ಫುಟ್‌ಬಾಲಿನಲ್ಲಿ ಓಡುತ್ತ ಓಡುತ್ತ ಸರಕ್ಕನೆ ದಿಕ್ಕು ಬದಲಿಸಿದಾಗ, ಖೋ ಖೋದಲ್ಲಿ ಕಂಬ ಸುತ್ತಿ ತಿರುಗಿದಾಗ ಪಾದ ನೆಲಕ್ಕೆ ಕಚ್ಚಿಕೊಂಡು ಮೈ ಮಾತ್ರ ತಿರುಗಿದರೆ ಸಾಕು. ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕ ಕಾಲನ್ನು ಬಿಡಿಸಿಕೊಳ್ಳುವಾಗಲೂ ಹೀಗಾಗುತ್ತದೆ. ‘ಟಪ್’ ಎಂದು ಒಳಗೆ ಏನೋ ಕಿತ್ತಂತೆ ಆಗುತ್ತದೆ. ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಳ್ಳುತ್ತದೆ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನಂಥ ಆಟಗಳಲ್ಲಿ ಹುಡುಗಿಯರಿಗೆ ಈ ಅಪಾಯ ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚು ಎಂಬುದನ್ನು ತಂದೆತಾಯಿ ತಿಳಿದಿರಬೇಕು.

ಎರಡು ಮೂರು ವಾರಗಳಲ್ಲಿ ಊತ ಇಳಿಯುತ್ತದೆ. ನೇರ ದಾರಿಯಲ್ಲಿ ನಡೆಯಲು ತೊಂದರೆಯಿಲ್ಲ. ಆದ್ದರಿಂದಲೇ ಹಲವರು ‘ಉಳುಕಿತ್ತು, ಸರಿಹೋಯಿತು’ ಎಂದುಕೊಳ್ಳುತ್ತಾರೆ; ಕೆಲವರು ನಾಟಿ ಕಟ್ಟು ಹಾಕಿಸಿ, ಎಣ್ಣೆ ತಿಕ್ಕಿಸಿ ಸುಮ್ಮನಾಗುತ್ತಾರೆ. ಪೂರ್ತಿ ಹರಿದ ಎ.ಸಿ.ಎಲ್. ಹೊರಗಿನಿಂದ ಕಟ್ಟು ಹಾಕಿದ ಮಾತ್ರಕ್ಕೆ ಕೂಡಿಕೊಳ್ಳುವುದಿಲ್ಲ. ತಿರುಗುವಾಗ, ಮೆಟ್ಟಿಲು ಇಳಿಯುವಾಗ ಮಂಡಿ ಹಠಾತ್ತನೆ ಕೈಕೊಡುತ್ತದೆ. ಹೀಗೆ ಕೈಕೊಟ್ಟಾಗಲೆಲ್ಲ ಎರಡು ಮೂಳೆಗಳ ನಡುವೆ ಗಾದಿಯಂತಿರುವ ಮಿನಿಸ್ಕಸ್ ಸವೆಯುವ, ಹರಿಯುವ ಭಯವುಂಟು.

ಹಾಗಾದರೆ ಹರಿದವರಿಗೆಲ್ಲ ಶಸ್ತ್ರಚಿಕಿತ್ಸೆ ಬೇಕೇ? ಬೇಕಾಗಿಲ್ಲ. ಸ್ವೀಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನೋಡಿ. ಎ.ಸಿ.ಎಲ್. ಹರಿದ 121 ಮಂದಿ ಯುವಜನರಲ್ಲಿ ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡಿ ವ್ಯಾಯಾಮ ಕೊಟ್ಟರು. 59 ಮಂದಿಯ ಇನ್ನೊಂದು ಗುಂಪಿಗೆ ಮೊದಲು ವ್ಯಾಯಾಮ. ಬೇಕೆನ್ನಿಸಿದರೆ ಮಾತ್ರ ಆಮೇಲೆ ಶಸ್ತ್ರಚಿಕಿತ್ಸೆ. ಎರಡು ವರ್ಷಗಳಲ್ಲಿ ಈ 59 ಮಂದಿಯ ಪೈಕಿ ಶಸ್ತ್ರಚಿಕಿತ್ಸೆಗೆ ಹೋದವರು 23 ಮಂದಿ. ಎರಡು ವರ್ಷದ ಕೊನೆಗೆ ನೋವು, ಓಡಾಟ, ಆಟಪಾಟಗಳ ವಿಚಾರದಲ್ಲಿ ಎರಡೂ ಗುಂಪುಗಳು ಹೆಚ್ಚುಕಡಮೆ ಸಮವಾಗಿದ್ದವು. ಮತ್ತೆ ಮತ್ತೆ ಮಂಡಿ ಕೈಕೊಡುವವರಿಗೆ, ಮಿನಿಸ್ಕಸ್ ಕೂಡ ಹರಿದವರಿಗೆ, ತಿರುಗಿ ಹಾರುವ ಆಟಗಳಿಗೆ ಮರಳಬೇಕೆನ್ನುವ ಎಳೆಯರಿಗೆ ವೈದ್ಯರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನೇ ಸೂಚಿಸುತ್ತಾರೆ. ಆದರೆ ಈ ಅಧ್ಯಯನದಿಂದ ಕಲಿಯಬೇಕಾದ ಪಾಠ ಬೇರೆ. ವ್ಯಾಯಾಮವೆಂಬುದು ಶಸ್ತ್ರಚಿಕಿತ್ಸೆಯ ಬಾಲಂಗೋಚಿಯಲ್ಲ. ಚಿಕಿತ್ಸೆಯ ದೊಡ್ಡ ಪಾಲು ಅದೇ.

ನಾಟಿ ಮಾಡಿದ ಪೈರಿನಂತೆ

ಈಗಿನ ಶಸ್ತ್ರಚಿಕಿತ್ಸೆಯಲ್ಲಿ ಮಂಡಿಯನ್ನು ಅಗಲವಾಗಿ ಕೊಯ್ಯುವುದಿಲ್ಲ. ಸಣ್ಣ ತೂತುಗಳ ಮೂಲಕ ಆರ್ಥ್ರೋಸ್ಕೋಪ್ ಎಂಬ ದೂರ್ಬೀನಿನಂಥ ಕೊಳವೆಯನ್ನು ಇಳಿಸಿ, ಪರದೆಯ ಮೇಲೆ ನೋಡುತ್ತ ಕೆಲಸ ಮಾಡುತ್ತಾರೆ. ಹರಿದ ಎ.ಸಿ.ಎಲ್.ಅನ್ನು ಹೆಚ್ಚಾಗಿ ಹೊಲಿಯುವುದಿಲ್ಲ. ರೋಗಿಯದೇ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಟೆಂಡನ್ನಿನ ಒಂದು ಪಟ್ಟಿಯನ್ನು ತೆಗೆದು, ಮೂಳೆಗಳಲ್ಲಿ ಸುರಂಗ ಕೊರೆದು, ಹಳೆಯ ಎ.ಸಿ.ಎಲ್. ಇದ್ದ ಜಾಗದಲ್ಲಿ ಬಿಗಿಯಾಗಿ ಕೂರಿಸುತ್ತಾರೆ. ಇದು ಒಂದು ಬಗೆಯ ಕಸಿ.

ಗದ್ದೆ ಕಂಡವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಸಸಿಮಡಿಯಿಂದ ಕಿತ್ತು ನಾಟಿ ಮಾಡಿದ ಪೈರು ಮೊದಲು ಬಾಡುತ್ತದೆ, ಹಳದಿಯಾಗುತ್ತದೆ. ಬೇರು ಹಿಡಿದ ಮೇಲಷ್ಟೇ ಚೇತರಿಸಿಕೊಳ್ಳುತ್ತದೆ. ಮಂಡಿಯೊಳಗಿನ ಕಸಿಯ ಕತೆಯೂ ಹಾಗೆಯೇ. ಹಾಕಿದ ದಿನ ಅದಕ್ಕೆ ರಕ್ತ ಸಂಚಾರವಿಲ್ಲ. ಅದರೊಳಗಿನ ಜೀವಕೋಶಗಳು ಬಹುಮಟ್ಟಿಗೆ ಸಾಯುತ್ತವೆ. ನಂತರ ಹೊಸ ರಕ್ತನಾಳಗಳು ಅದರೊಳಕ್ಕೆ ಬೆಳೆಯುತ್ತವೆ, ಹೊಸ ಜೀವಕೋಶಗಳು ಬಂದು ಸೇರುತ್ತವೆ, ಹಳೆಯ ನಾರುಗಳು ಕರಗಿ ಹೊಸ ನಾರುಗಳು ಹೆಣೆದುಕೊಳ್ಳುತ್ತವೆ. ಟೆಂಡನ್ ನಿಧಾನವಾಗಿ ಲಿಗಮೆಂಟ್ ಆಗುವ ಈ ಕೆಲಸಕ್ಕೆ ವಾರಗಳಲ್ಲ, ತಿಂಗಳುಗಳೇ ಬೇಕು. ಒಂದು ವರ್ಷ ದಾಟಿದರೂ ಅದು ನಡೆಯುತ್ತಲೇ ಇರುತ್ತದೆ.

ಇದರ ನಡುವೆ ಒಂದು ದುರ್ಬಲ ಕಾಲವಿದೆ. ಸುಮಾರು ಆರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಕಸಿ ಹಾಕಿದ ದಿನಕ್ಕಿಂತಲೂ ಅಶಕ್ತವಾಗಿರುತ್ತದೆ. ವಿಚಿತ್ರವೆಂದರೆ, ನೋವು ಹೋಗಿ, ಊತ ಇಳಿದು, ಹುಡುಗ ‘ಈಗ ಓಡಿಬಿಡುತ್ತೇನೆ’ ಎನ್ನುವುದೂ ಅದೇ ಸಮಯದಲ್ಲಿ. ಮಂಡಿ ಚೆನ್ನಾಗಿದೆ ಎಂದು ಅನ್ನಿಸುವ ಹೊತ್ತಿಗೆ ಒಳಗಿನ ಕಸಿ ಅತ್ಯಂತ ಎಳೆಯದಾಗಿರುತ್ತದೆ. ನೋವಿಲ್ಲದಿರುವುದು ಗುಣವಾದದ್ದರ ಗುರುತಲ್ಲ. ಈ ಒಂದು ಮಾತನ್ನು ಮನೆಯವರೆಲ್ಲ ನೆನಪಿಟ್ಟರೆ ಅರ್ಧ ಅಪಾಯ ತಪ್ಪಿದಂತೆ.

ಪ್ಲಾಸ್ಟರಿನಿಂದ ಆತುರದವರೆಗೆ

ಹಿಂದೆ ಈ ಕಸಿಯನ್ನು ಕಾಪಾಡಲೆಂದು ಶಸ್ತ್ರಚಿಕಿತ್ಸೆಯ ನಂತರ ಕಾಲನ್ನು ವಾರಗಟ್ಟಲೆ ಪ್ಲಾಸ್ಟರಿನಲ್ಲಿ ಇಡುತ್ತಿದ್ದರು. ಕಸಿ ಉಳಿಯುತ್ತಿತ್ತು, ಆದರೆ ಮಂಡಿ ಮರಗಟ್ಟಿ ತೊಡೆ ಒಣಗುತ್ತಿತ್ತು. ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಶಸ್ತ್ರವೈದ್ಯ ಡೊನಾಲ್ಡ್ ಶೆಲ್ಬೋರ್ನ್ ಒಂದು ಸಂಗತಿಯನ್ನು ಗಮನಿಸಿದರು: ಹೇಳಿದ ಮಾತು ಕೇಳದೆ, ತಾವಾಗಿಯೇ ಬೇಗ ಕಾಲೂರಿ ಮಂಡಿಯನ್ನು ಆಡಿಸಿದ ರೋಗಿಗಳೇ ಹೆಚ್ಚು ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದರು, ಅವರ ಕಸಿ ಸಡಿಲವೂ ಆಗಿರಲಿಲ್ಲ. ಸಹೋದ್ಯೋಗಿಯೊಡನೆ ಅವರು 1990ರಲ್ಲಿ ಪ್ರಕಟಿಸಿದ ಲೇಖನ ಪದ್ಧತಿಯನ್ನೇ ಬದಲಿಸಿತು. ಮೊದಲ ದಿನದಿಂದಲೇ ಮಂಡಿಯನ್ನು ನೇರ ಮಾಡುವುದು, ಬೇಗ ಕಾಲೂರಿ ನಡೆಯುವುದು ರೂಢಿಗೆ ಬಂದವು.

ಇದು ಒಳ್ಳೆಯದೇ ಆಯಿತು. ಆದರೆ ‘ಬೇಗ ಆಡಿಸಿ’ ಎಂಬುದನ್ನು ‘ಬೇಗ ಆಡಿ’ ಎಂದು ಕೇಳಿಸಿಕೊಂಡವರೂ ಹಲವರು. ಆರು ತಿಂಗಳಿಗೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಆಟಗಾರರು ಅಂಗಳಕ್ಕೆ ಮರಳತೊಡಗಿದರು. ಅದರ ಫಲವನ್ನು ನಾರ್ವೆ ಮತ್ತು ಅಮೆರಿಕದ ಸಂಶೋಧಕರು ಕೂಡಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಣಬಹುದು. ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಶೇ 51ರಷ್ಟು ಇಳಿಯುತ್ತ ಹೋಯಿತು. ಮರಳುವ ಮುನ್ನ ನಡೆಸಿದ ಶಕ್ತಿಪರೀಕ್ಷೆಗಳಲ್ಲಿ ತೇರ್ಗಡೆಯಾಗದೆ ಆಡಿದವರಲ್ಲಿ ಶೇ 38.2 ಮಂದಿಗೆ ಮತ್ತೆ ಪೆಟ್ಟಾಯಿತು. ತೇರ್ಗಡೆಯಾದವರಲ್ಲಿ ಶೇ 5.6 ಮಂದಿಗೆ ಮಾತ್ರ.

ಎಳೆಯರಿಗೆ ಇದು ಇನ್ನೂ ಮುಖ್ಯ. ಅದೇ 2016ರಲ್ಲಿ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶಸ್ತ್ರಚಿಕಿತ್ಸೆಯ ನಂತರ ಆಟಕ್ಕೆ ಮರಳಿದ 25 ವರ್ಷದೊಳಗಿನವರಲ್ಲಿ ಶೇ 23 ಮಂದಿಗೆ ಒಂದೋ ಅದೇ ಮಂಡಿಯ, ಇಲ್ಲವೇ ಇನ್ನೊಂದು ಮಂಡಿಯ ಎ.ಸಿ.ಎಲ್. ಹರಿದದ್ದು ಕಂಡುಬಂತು. ಎಂದರೆ ಹೆಚ್ಚುಕಡಮೆ ನಾಲ್ವರಲ್ಲಿ ಒಬ್ಬರು.

ಮೊದಲ ಹದಿನೈದು ದಿನ

ಆರಂಭದ ಎರಡು ವಾರಗಳ ಗುರಿ ಮೂರು: ಊತ ಇಳಿಸುವುದು, ಮಂಡಿಯನ್ನು ಪೂರ್ತಿ ನೇರ ಮಾಡುವುದು, ತೊಡೆಯ ಸ್ನಾಯುವನ್ನು ಎಚ್ಚರಿಸುವುದು. ಇವುಗಳಲ್ಲಿ ನೇರ ಮಾಡುವುದಕ್ಕೇ ಮೊದಲ ಸ್ಥಾನ. ಬಗ್ಗುವುದು ತಡವಾದರೂ ಆಮೇಲೆ ಸಾಧಿಸಬಹುದು. ನೇರವಾಗದೆ ಉಳಿದ ಮಂಡಿ ಮುಂದೆ ಕುಂಟು ನಡಿಗೆಗೂ ನೋವಿಗೂ ಕಾರಣವಾಗುತ್ತದೆ.

ಇಲ್ಲಿ ತಾಯಂದಿರ ಪ್ರೀತಿಯೇ ಒಮ್ಮೊಮ್ಮೆ ಅಡ್ಡಿಯಾಗುತ್ತದೆ. ಮಗುವಿಗೆ ಹಾಯಾಗಲೆಂದು ಮಂಡಿಯ ಕೆಳಗೆ ದಿಂಬು ಇಡುತ್ತಾರೆ. ಹಾಗೆ ಬಗ್ಗಿದ ಮಂಡಿ ಬಗ್ಗಿಯೇ ಉಳಿಯುತ್ತದೆ. ದಿಂಬನ್ನು ಇಡಬೇಕಾದದ್ದು ಹಿಮ್ಮಡಿಯ ಕೆಳಗೆ. ಆಗ ಕಾಲು ಎತ್ತರದಲ್ಲಿದ್ದು ಊತ ಇಳಿಯುತ್ತದೆ, ಮಂಡಿ ತನ್ನ ಭಾರಕ್ಕೇ ನೇರವಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ದಿನಕ್ಕೆ ಕೆಲವು ಸಲ, ಒಮ್ಮೆಗೆ ಹದಿನೈದು ಇಪ್ಪತ್ತು ನಿಮಿಷ ಇಡಬಹುದು. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು.

ಕಾಲ ಮೇಲೆ ಎಷ್ಟು ಭಾರ ಹಾಕಬೇಕು, ಮಂಡಿಯನ್ನು ಎಷ್ಟು ಬಗ್ಗಿಸಬೇಕು ಎಂಬುದನ್ನು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರೇ ಹೇಳಬೇಕು. ಮಿನಿಸ್ಕಸ್ಸಿಗೂ ಹೊಲಿಗೆ ಹಾಕಿದ್ದರೆ ಕಟ್ಟುಪಾಡು ಹೆಚ್ಚು. ಪಕ್ಕದ ಮನೆಯ ಹುಡುಗನಿಗೆ ಹೇಳಿದ್ದು ನಿಮ್ಮ ಮಗನಿಗೆ ಹೊಂದಬೇಕೆಂದಿಲ್ಲ. ಯಾರೋ ಕಾಲು ಹಿಡಿದು ಒತ್ತಿ ಬಗ್ಗಿಸುವುದು, ಮಂಡಿಗೆ ಬಲವಾಗಿ ಎಣ್ಣೆ ತಿಕ್ಕುವುದು ಬೇಡವೇ ಬೇಡ. ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಸೋರಿದರೆ, ಮೀನಖಂಡ ಊದಿ ನೋಯತೊಡಗಿದರೆ, ಉಸಿರಾಟಕ್ಕೆ ಕಷ್ಟವಾದರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮಲಗಿದ ಸ್ನಾಯುವನ್ನು ಎಬ್ಬಿಸುವುದು

ಮಂಡಿಯೊಳಗೆ ಊತವಿದ್ದಾಗ ತೊಡೆಯ ಮುಂಭಾಗದ ದೊಡ್ಡ ಸ್ನಾಯು, ವೈದ್ಯರು ಕ್ವಾಡ್ರಿಸೆಪ್ಸ್ ಎನ್ನುವುದು, ಮುಷ್ಕರ ಹೂಡುತ್ತದೆ. ನರಮಂಡಲವೇ ಅದಕ್ಕೆ ಹೋಗುವ ಸಂದೇಶವನ್ನು ತಗ್ಗಿಸುತ್ತದೆ. ಹುಡುಗಿ ‘ಕಾಲೆತ್ತು’ ಎಂದರೆ ಎತ್ತಲಾರಳು. ಇದು ಸೋಮಾರಿತನವಲ್ಲ. ಆದರೆ ಎಬ್ಬಿಸದೆ ಬಿಟ್ಟರೆ ತೊಡೆ ಕಣ್ಣಿಗೆ ಕಾಣುವಷ್ಟು ಸಣ್ಣಗಾಗುತ್ತದೆ. ಕಾಲು ಚಾಚಿ ಕೂತು, ಮಂಡಿಯ ಹಿಂಭಾಗ ಹಾಸಿಗೆಗೆ ತಾಗುವಂತೆ ತೊಡೆಯನ್ನು ಬಿಗಿಹಿಡಿದು ಐದಾರು ಎಣಿಸಿ ಬಿಡುವುದು. ಅದು ಬಂದ ಮೇಲೆ ಮಂಡಿ ಬಗ್ಗದಂತೆ ಕಾಲನ್ನು ನೇರವಾಗಿ ಎತ್ತುವುದು. ಆರಂಭದ ಪಾಠಗಳು ಇಷ್ಟು ಸರಳ. ಸರಳವಾದ್ದರಿಂದಲೇ ಮಕ್ಕಳಿಗೆ ಬೇಸರ ಬರುತ್ತದೆ, ಬಿಟ್ಟುಬಿಡುತ್ತಾರೆ.

ನಂತರದ ಮೆಟ್ಟಿಲುಗಳನ್ನು ಫಿಸಿಯೋಥೆರಪಿಸ್ಟ್ ಒಂದೊಂದಾಗಿ ಹತ್ತಿಸುತ್ತಾರೆ. ಆರನೆಯ ವಾರದೊಳಗೆ ಕುಂಟದೆ ನಡೆಯುವುದು, ನಿಂತಲ್ಲೇ ತುಳಿಯುವ ಸೈಕಲ್, ಗೋಡೆಗೆ ಒರಗಿ ಅರ್ಧ ಕೂರುವುದು, ಮೆಟ್ಟಿಲು ಹತ್ತಿ ಇಳಿಯುವುದು. ಆಮೇಲೆ ಒಂಟಿ ಕಾಲಿನ ಸಮತೋಲ, ಭಾರದ ವ್ಯಾಯಾಮ. ಕಸಿಗೆ ಟೆಂಡನ್ ಕೊಟ್ಟ ತೊಡೆಯ ಹಿಂಭಾಗ ಮತ್ತು ಸೊಂಟದ ಸ್ನಾಯುಗಳನ್ನೂ ಬಲಪಡಿಸಬೇಕು. ಊತವಿಲ್ಲದೆ, ಒಂಟಿ ಕಾಲಿನಲ್ಲಿ ಅಲುಗಾಡದೆ ಅರ್ಧ ಕೂತು ಏಳಬಲ್ಲವರಿಗೆ ಮೂರು ನಾಲ್ಕು ತಿಂಗಳ ಮೇಲೆ ನೇರ ದಾರಿಯಲ್ಲಿ ನಿಧಾನದ ಓಟ. ಅದರ ನಂತರ ಎರಡೂ ಕಾಲಿನಲ್ಲಿ ಜಿಗಿತ, ಒಂಟಿ ಕಾಲಿನ ಜಿಗಿತ. ಆರು ತಿಂಗಳು ಕಳೆದ ಮೇಲೆ ತಿರುಗುವುದು, ದಿಕ್ಕು ಬದಲಿಸುವುದು. ಕೊನೆಗೆ ತಂಡದೊಡನೆ ಅಭ್ಯಾಸ.

ಇದಕ್ಕೆ ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಒಂದು ಕುರ್ಚಿ, ಒಂದು ಟವೆಲ್, ಮನೆಯ ಮೆಟ್ಟಿಲು, ಮರಳು ತುಂಬಿದ ಚೀಲ ಇದ್ದರೆ ಮೊದಲ ತಿಂಗಳುಗಳ ಬಹುಪಾಲು ಕೆಲಸ ನಡೆಯುತ್ತದೆ. ದೂರದ ಊರಿನವರು ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಫಿಸಿಯೋಥೆರಪಿಸ್ಟರನ್ನು ಕಂಡು, ಉಳಿದ ದಿನ ಮನೆಯಲ್ಲೇ ಮಾಡಬಹುದು. ಎಷ್ಟು ಮಾಡಿದರೆ ಹೆಚ್ಚಾಯಿತು ಎಂಬುದಕ್ಕೆ ಮೇಷ್ಟ್ರು ಮಂಡಿಯೇ. ಮಾರನೆಯ ಬೆಳಿಗ್ಗೆ ಅದು ಮತ್ತೆ ಊದಿದ್ದರೆ ಹಿಂದಿನ ದಿನದ ವ್ಯಾಯಾಮ ಅತಿಯಾಯಿತು ಎಂದು ತಿಳಿದು ಒಂದು ಮೆಟ್ಟಿಲು ಕೆಳಗಿಳಿಯಬೇಕು.

ಮನೆಯಲ್ಲಿ, ಶಾಲೆಯಲ್ಲಿ

ನಮ್ಮ ಮನೆಗಳಲ್ಲಿ ಊಟ, ಓದು, ಪೂಜೆ ಎಲ್ಲವೂ ನೆಲದ ಮೇಲೆಯೇ. ಮೊದಲ ತಿಂಗಳುಗಳಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಲ್ಲಿ ಕೂರುವುದು ಸಲ್ಲದು. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಅದಕ್ಕೆಂದೇ ಸಿಗುವ ನಡುವೆ ತೂತಿರುವ ಕುರ್ಚಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ತಂದಿಟ್ಟುಕೊಳ್ಳಿ. ಬಚ್ಚಲಮನೆಯ ನೆಲ ಒದ್ದೆಯಿರದಂತೆ ನೋಡಿಕೊಳ್ಳಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಪೆಟ್ಟಾದ ಕಾಲು ಮುಂದೆ ಎಂಬ ಸೂತ್ರವನ್ನು ಬಾಯಿಪಾಠ ಮಾಡಿಸಿ.

ಶಾಲೆಗೆ ಹೋಗತೊಡಗಿದಾಗ ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಕೊಡುವುದು ಒಳ್ಳೆಯದು. ತರಗತಿ ಮಹಡಿಯ ಮೇಲಿದ್ದರೆ ಕೆಲವು ವಾರ ಕೆಳಗೆ ಕೂರುವ ಏರ್ಪಾಡು, ಕಾಲು ಚಾಚಲು ಬೆಂಚಿನ ತುದಿಯ ಜಾಗ, ಪ್ರಯೋಗಾಲಯದಲ್ಲಿ ಒಂದು ಸ್ಟೂಲು, ಪಾಠದ ಗಂಟೆ ಮುಗಿಯುವ ಐದು ನಿಮಿಷ ಮೊದಲೇ ಹೊರಡಲು ಅನುಮತಿ. ಇಷ್ಟನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ನೂಕುನುಗ್ಗಲಿನ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುವುದಂತೂ ಆರಂಭದಲ್ಲಿ ಬೇಡ.

ಊಟದಲ್ಲಿ ಪಥ್ಯದ ಹೆಸರಿನಲ್ಲಿ ಗಂಜಿ ತಿಳಿಸಾರು ಮಾತ್ರ ಕೊಟ್ಟರೆ ಸ್ನಾಯು ಬೆಳೆಯುವುದಾದರೂ ಹೇಗೆ? ಬೇಳೆ, ಮೊಳಕೆ ಕಾಳು, ಹಾಲು, ಮೊಸರು, ಕಡಲೆಕಾಯಿ, ತಿನ್ನುವವರಿಗೆ ಮೊಟ್ಟೆ, ಮೀನು, ಕೋಳಿ ಎಲ್ಲವೂ ಬೇಕು. ರಾತ್ರಿ ಚೆನ್ನಾಗಿ ನಿದ್ದೆಯೂ ಬೇಕು.

ಅಂಗಳಕ್ಕೆ ಮರಳುವ ಮುನ್ನ

ಒಂಬತ್ತು ತಿಂಗಳು ತುಂಬಿದ ಮಾತ್ರಕ್ಕೆ ಆಡಲು ಪರವಾನಗಿ ಸಿಕ್ಕಿತೆಂದಲ್ಲ. ಅದು ಕನಿಷ್ಠ ಅವಧಿ. ಇನ್ನೂ ಎತ್ತರ ಬೆಳೆಯುತ್ತಿರುವ ಮಕ್ಕಳಿಗೆ ವೈದ್ಯರು ಒಂದು ವರ್ಷ ಕಾಯಲು ಹೇಳುವುದೂ ಉಂಟು. ಅವಧಿಯ ಜೊತೆಗೆ ಪರೀಕ್ಷೆಯೂ ಬೇಕು. ಪೆಟ್ಟಾದ ಕಾಲಿನ ತೊಡೆಯ ಶಕ್ತಿ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇರಬೇಕು. ಒಂಟಿ ಕಾಲಿನಲ್ಲಿ ಒಂದು ಜಿಗಿತ, ಸಾಲಾಗಿ ಮೂರು ಜಿಗಿತ, ಗೆರೆಯ ಆಚೀಚೆ ಅಡ್ಡಡ್ಡ ಜಿಗಿತ, ಆರು ಮೀಟರನ್ನು ಕುಪ್ಪಳಿಸಿ ದಾಟಲು ಹಿಡಿದ ಸಮಯ, ಇವುಗಳಲ್ಲೂ ಅದೇ ಲೆಕ್ಕ. ಎಷ್ಟು ದೂರ ಜಿಗಿದ ಎಂಬುದಷ್ಟೇ ಅಲ್ಲ, ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತದೆಯೇ ಎಂಬುದನ್ನೂ ನೋಡಬೇಕು.

ಇನ್ನೊಂದು ಪರೀಕ್ಷೆ ಮನಸ್ಸಿನದು. 2014ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 81 ಮಂದಿ ಯಾವುದಾದರೊಂದು ಆಟಕ್ಕೆ ಮರಳಿದ್ದರು; ಸ್ಪರ್ಧೆಯ ಮಟ್ಟಕ್ಕೆ ಮರಳಿದವರು ಶೇ 55 ಮಾತ್ರ. ‘ಮತ್ತೆ ಹರಿದರೆ?’ ಎಂಬ ಅಳುಕೂ ಇದರ ಕಾರಣಗಳಲ್ಲಿ ಒಂದು. ಅಳುಕಿರುವ ಮಗುವನ್ನು ಹೇಡಿ ಎಂದು ಹಂಗಿಸುವುದು ತಪ್ಪು. ಆ ಅಳುಕನ್ನೂ ಮೆಟ್ಟಿಲು ಮೆಟ್ಟಿಲಾಗಿ ಕಳೆಯಬೇಕು.

ಕ್ರಿಕೆಟಿಗ ರಿಷಭ್ ಪಂತ್ ಅವರ ಉದಾಹರಣೆ ಮಕ್ಕಳಿಗೆ ಹೇಳಬಹುದು. 2022ರ ಡಿಸೆಂಬರ್ 30ರಂದು ಕಾರು ಅಪಘಾತದಲ್ಲಿ ಅವರ ಬಲಮಂಡಿಯ ಲಿಗಮೆಂಟ್‌ಗಳು ಹರಿದವು. 2023ರ ಜನವರಿಯಲ್ಲಿ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಪುನಶ್ಚೇತನ. 2023ರ ಇಡೀ ಐ.ಪಿ.ಎಲ್. ತಪ್ಪಿತು, ತವರಿನಲ್ಲಿ ನಡೆದ ವಿಶ್ವಕಪ್ಪೂ ತಪ್ಪಿತು. ಅವರು ಮತ್ತೆ ಸ್ಪರ್ಧೆಗೆ ಇಳಿದದ್ದು 2024ರ ಮಾರ್ಚಿನಲ್ಲಿ, ಸುಮಾರು 15 ತಿಂಗಳ ಮೇಲೆ. ಅದೇ ವರ್ಷ ಜೂನಿನಲ್ಲಿ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿ ಅವರಿದ್ದರು. ಸಾಲು ಸಾಲು ವೈದ್ಯರು, ತರಬೇತುದಾರರು ಸುತ್ತ ಇದ್ದ ಆಟಗಾರನಿಗೇ ಇಷ್ಟು ಕಾಲ ಬೇಕಾಯಿತೆಂದ ಮೇಲೆ, ತಾಲ್ಲೂಕು ಮಟ್ಟದ ಪಂದ್ಯಕ್ಕಾಗಿ ಐದನೆಯ ತಿಂಗಳಿಗೆ ಮಗನನ್ನು ಕಬಡ್ಡಿಗೆ ಇಳಿಸುವುದು ಯಾವ ಜಾಣತನ?

ತಂದೆತಾಯಿಗೊಂದು ಮಾತು

ಒಂದು ವರ್ಷದ ಪಂದ್ಯಾವಳಿ ತಪ್ಪಿದರೆ ನಷ್ಟವೇ ಸರಿ. ವಲಯ ಮಟ್ಟ, ಜಿಲ್ಲಾ ಮಟ್ಟ, ದಸರಾ ಕ್ರೀಡಾಕೂಟ ಎಲ್ಲವೂ ಕಣ್ಣೆದುರೇ ದಾಟಿಹೋಗುತ್ತವೆ. ಪ್ರಮಾಣಪತ್ರ ಸಿಗುವುದಿಲ್ಲ. ಆದರೆ ಎರಡನೆಯ ಸಲ ಹರಿದ ಮಂಡಿಗೆ ಎರಡನೆಯ ಶಸ್ತ್ರಚಿಕಿತ್ಸೆ, ಮತ್ತೊಂದು ವರ್ಷ, ಮತ್ತಷ್ಟು ಖರ್ಚು. ಅದರ ಮೇಲೆ, ನಡುವಯಸ್ಸಿಗೇ ಸಂಧಿವಾತ ಬರುವ ಅಪಾಯ. ಹದಿನಾರರ ಹುಡುಗಿ ಮುಂದೆ ಐವತ್ತು ಅರವತ್ತು ವರ್ಷ ನಡೆಯಬೇಕಾದದ್ದು ಅದೇ ಮಂಡಿಯ ಮೇಲೆ. ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ತರಬೇತುದಾರರಿಗೂ ಒಂದು ಕೆಲಸವಿದೆ. ಪೆಟ್ಟಾದ ಹುಡುಗನನ್ನು ತಂಡದಿಂದ ದೂರವಿಡಬೇಡಿ. ಅಂಕ ಬರೆಯಲಿ, ಕಿರಿಯರಿಗೆ ಕಲಿಸಲಿ, ಎದುರಾಳಿಯ ಆಟ ಗಮನಿಸಿ ಹೇಳಲಿ. ತಂಡ ಕೈಬಿಟ್ಟಿಲ್ಲವೆಂದು ಗೊತ್ತಾದರೆ ಅವನು ಆತುರಪಡುವುದಿಲ್ಲ. ಉಳಿದ ಆಟಗಾರರಿಗೆ ಪಂದ್ಯಕ್ಕೆ ಮುನ್ನ ಇಪ್ಪತ್ತು ನಿಮಿಷ ಓಟ, ಸಮತೋಲ, ಸರಿಯಾಗಿ ಜಿಗಿದು ಇಳಿಯುವ ಅಭ್ಯಾಸ ಮಾಡಿಸಿ. ನಾರ್ವೆಯ ಹದಿಹರೆಯದ ಫುಟ್‌ಬಾಲ್ ಆಟಗಾರ್ತಿಯರಲ್ಲಿ ಇಂಥ ಅಭ್ಯಾಸದಿಂದ ತೀವ್ರ ಗಾಯಗಳು ಗಮನಾರ್ಹವಾಗಿ ಕಡಿಮೆಯಾದುದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು. ಅದಕ್ಕೆ ಖರ್ಚೇನೂ ಇಲ್ಲ.

ಮನೆಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ ತೆರೆಯಿರಿ. ದಿನದ ವ್ಯಾಯಾಮ, ಬೆಳಗಿನ ಊತ, ಮಂಡಿ ಎಷ್ಟು ನೇರವಾಯಿತು, ಎಷ್ಟು ಬಗ್ಗಿತು ಎಂಬುದನ್ನು ಮಗುವೇ ಬರೆಯಲಿ. ಮುಂದಿನ ಭೇಟಿಗೆ ಅದನ್ನು ಫಿಸಿಯೋಥೆರಪಿಸ್ಟರ ಬಳಿ ಒಯ್ಯಿರಿ. ನೀವು ದಿನವೂ ಕೇಳಬೇಕಾದ ಪ್ರಶ್ನೆ ‘ಯಾವಾಗ ಆಡುತ್ತೀಯ?’ ಎಂಬುದಲ್ಲ, ‘ಇವತ್ತಿನದು ಬರೆದೆಯಾ?’ ಎಂಬುದು.